ಹಾಲೆ ಮರಕ್ಕೆ ಒಗ್ಗುವ ಬಾಯಿ: ಗುಜರಿ ಉಳಿಗಳ ರಿಪೇರಿ

ಮೇ ತಿಂಗಳ ಕೊನೆಗೆ ಬರುವ ಪತ್ತನಾಜೆ ಕಳೆದರೆ ನಮ್ಮ ಉಡುಪಿ ಕಡೆ ಯಕ್ಷಗಾನದ ಪೆಟ್ಟಿಗೆಗಳು ಒಳಗೆ ಸೇರುತ್ತವೆ. ಮೇಳಗಳ ತಿರುಗಾಟ ಮತ್ತೆ ಶುರುವಾಗುವುದು ನವೆಂಬರ್ ಹೊತ್ತಿಗೆ. ನಡುವಿನ ಮಳೆಗಾಲವೇ ವೇಷದ ಸಾಮಾನಿನ ರಿಪೇರಿಗೆ ಸಿಗುವ ಸಮಯ. ಊರಿನ ಹವ್ಯಾಸಿ ತಂಡದ ಭುಜಕೀರ್ತಿಯೊಂದರ ತುದಿ ಮುರಿದಿತ್ತು, ಎದೆಕಟ್ಟಿನಲ್ಲಿ ಕೆಲವು ಮರದ ತುಂಡುಗಳೇ ಇರಲಿಲ್ಲ. ಅವನ್ನು ಹೊಸದಾಗಿ ಕೆತ್ತಿಕೊಡುವ ಕೆಲಸ ಈ ಸಲ ನನ್ನ ಪಾಲಿಗೆ ಬಂತು. ಮೇಲೆ ಬೇಗಡೆ, ಅಂದರೆ ಹೊಳೆಯುವ ತೆಳು ಹಾಳೆ, ಅಂಟಿಸುವವರು ಬೇರೆ ಇದ್ದಾರೆ. ಆದರೆ ಬೇಗಡೆ ಎಷ್ಟು ತೆಳು ಅಂದರೆ, ಕೆಳಗಿನ ಮರದಲ್ಲಿ ಒಂದು ನಾರು ಎದ್ದಿದ್ದರೂ ರಂಗಸ್ಥಳದ ಬೆಳಕಿನಲ್ಲಿ ಅದು ಎದ್ದು ಕಾಣುತ್ತದೆ. ಪಾಲಿಶ್ ಪೇಪರ್ ಹಾಕಿ ಉಜ್ಜಿಬಿಡೋಣ ಅಂದರೆ ಕೆತ್ತನೆಯ ಚೂಪು ಅಂಚುಗಳೆಲ್ಲ ಸವೆದು ಬೋಳಾಗುತ್ತವೆ. ಹಾಗಾಗಿ ಉಳಿಯ ಬಾಯಿಂದಲೇ, ಅಂದರೆ ಕತ್ತರಿಸುವ ಅಂಚಿನಿಂದಲೇ, ನುಣುಪು ಬರಬೇಕು.

ತಲೆ, ಭುಜದ ಮೇಲೆ ಇಡೀ ರಾತ್ರಿ ಹೊರುವ ಒಡವೆ ಅಂದಮೇಲೆ ಮರ ಹಗುರ ಇರಲೇಬೇಕು. ನನಗೆ ಸಿಕ್ಕಿದ್ದು ಹಾಲೆ (ಸಪ್ತಪರ್ಣಿ) ಮರದ ಹಲಗೆ. ಮೆತ್ತನೆ ಮರವಲ್ಲವೇ, ಯಾವ ಉಳಿಯಾದರೂ ನಡೆದೀತು ಅಂದುಕೊಳ್ಳುವವರೇ ಹೆಚ್ಚು. ಸಂಗತಿ ಪೂರಾ ಉಲ್ಟಾ. ತೇಗ, ಹಲಸಿನಂಥ ಗಟ್ಟಿ ಮರದ ನಾರು ಅಲಗಿನ ಎದುರು ಬಗ್ಗದೆ ನಿಲ್ಲುತ್ತದೆ, ಆದ್ದರಿಂದ ಅರೆಮೊಂಡು ಉಳಿಗೂ ಕತ್ತರಿಸಿಕೊಳ್ಳುತ್ತದೆ. ಹಾಲೆಯ ನಾರಿಗೆ ಆ ಗಟ್ಟಿತನವಿಲ್ಲ. ಬಾಯಿ ಸ್ವಲ್ಪ ದಪ್ಪವಿದ್ದರೂ ಸಾಕು, ನಾರು ಮೊದಲು ಬಾಗುತ್ತದೆ, ಜಜ್ಜಿಹೋಗುತ್ತದೆ, ಆಮೇಲೆ ಹರಿಯುತ್ತದೆ. ಕೊರೆದ ಜಾಗ ಬಿಳಿಚಿಕೊಂಡು ಜುಂಗು ಜುಂಗಾಗಿ ಉಳಿಯುತ್ತದೆ.

ಪಕ್ಕದ ಓಣಿಯಲ್ಲಿ ಬಾಗಿಲು, ದಾರಂದ ಮಾಡುವ ಆಚಾರ್ರು ಇದ್ದಾರೆ. ಹಲಗೆಯನ್ನು ಕೈಯಲ್ಲಿ ತಿರುಗಿಸಿ ನೋಡಿ ಅವರು ಹೇಳಿದ್ದೂ ಇದೇ: "ಉಳಿಯನ್ನು ಹಲಸಿನ ತುಂಡಲ್ಲಿ ಪರೀಕ್ಷೆ ಮಾಡ್ಬೇಡಿ ಮಾರಾಯ್ರೆ. ಹಲಸು ಅರ್ಧ ಮೊಂಡು ಉಳಿಗೂ ಮರ್ಯಾದೆ ಕೊಡ್ತದೆ. ಈ ಹಾಲೆಯಲ್ಲೇ ನಾರಿಗೆ ಅಡ್ಡ ಒಂದು ಗೆರೆ ಕೊರೀರಿ, ಆಗ ಗೊತ್ತಾಗ್ತದೆ."

ಗುಜರಿಯಿಂದ ಬಂದದ್ದು

ಉಳಿಗಳು ಮಂಗಳೂರಿನ ಬಂದರು ಕಡೆಯ ಗುಜರಿ ಅಂಗಡಿಯವು. 12 ಮಿಲಿಮೀಟರ್ ಅಗಲದ, ಸ್ವಲ್ಪವೇ ಬಾಗಿದ ದುಂಡು ಉಳಿ ಒಂದು. 6 ಮಿಲಿಮೀಟರಿನ, ಯು ಅಕ್ಷರದಷ್ಟು ಆಳ ಬಾಗಿದ ಉಳಿ ಇನ್ನೊಂದು. ಎರಡು ರೆಕ್ಕೆ ಸೇರಿದ ವಿ ಉಳಿ ಮತ್ತೊಂದು. ಇವುಗಳ ಬಾಗನ್ನು ನಂಬರಿನಲ್ಲಿ ಹೇಳುವ ಇಂಗ್ಲೆಂಡಿನ ಶೆಫೀಲ್ಡ್ ಪದ್ಧತಿಯಲ್ಲಿ 3 ಅಂದರೆ ಹೆಚ್ಚುಕಡಿಮೆ ಚಪ್ಪಟೆ, 9 ಅಂದರೆ ಅರ್ಧವೃತ್ತ, 11 ಅಂದರೆ ಯು. ಆ ಲೆಕ್ಕದಲ್ಲಿ ನನ್ನವು ಸುಮಾರು 5 ಮತ್ತು 11. ಜೊತೆಗೆ ಒಂದು ಕೆತ್ತನೆ ಚೂರಿ. ಅದು ಮಾತ್ರ ಗುಜರಿಯದ್ದಲ್ಲ, ಲಾರಿಯ ಕಮಾನು ಪಟ್ಟಿಯಿಂದ ಇಲ್ಲಿನ ಕಮ್ಮಾರರು ಬಡಿದು ಕೊಟ್ಟದ್ದು.

ತುಕ್ಕು ತೆಗೆಯಲು ಹಿತ್ತಿಲಿನ ಬಿಂಬುಳಿ ಸಾಕಾಯಿತು. ಅದರ ರಸದಲ್ಲಿ ಆಕ್ಸಾಲಿಕ್ ಆಮ್ಲ ಧಾರಾಳ ಉಂಟು, ಕಬ್ಬಿಣದ ತುಕ್ಕನ್ನು ಅದು ಕರಗಿಸುತ್ತದೆ. ಕಾಯಿ ಜಜ್ಜಿ ಉಳಿಗೆ ಮೆತ್ತಿ ಕೆಲವು ಗಂಟೆ ಬಿಟ್ಟು, ತೆಂಗಿನ ನಾರಿನಿಂದ ತಿಕ್ಕಿ, ಸೋಡಾ ಹುಡಿ ಕಲಸಿದ ನೀರಿನಲ್ಲಿ ತೊಳೆದೆ. ಸೋಡಾ ಬಿಟ್ಟರೆ ಉಳಿದ ಹುಳಿಯೇ ಮಾರನೇ ದಿನ ಹೊಸ ತುಕ್ಕು ಎಬ್ಬಿಸುತ್ತದೆ. ಒರೆಸಿ, ಒಲೆಯ ಪಕ್ಕ ಒಣಗಿಸಿ, ಎಣ್ಣೆ ಹಚ್ಚಿ ಇಟ್ಟೆ. ಮೈ ಕಪ್ಪಾಯಿತು, ಅದರಿಂದ ತೊಂದರೆ ಇಲ್ಲ.

ತೊಂದರೆ ಇರುವುದು ತುಕ್ಕು ತಿಂದು ಮಾಡಿದ ಸಣ್ಣ ಗುಂಡಿಗಳಿಂದ, ಅದರಲ್ಲೂ ದುಂಡು ಉಳಿಯ ಒಳಮೈಯಲ್ಲಿ. ಒಳಮೈ ಮತ್ತು ಹೊರಗಿನ ಇಳಿಜಾರು ಕೂಡುವ ಗೆರೆಯೇ ಬಾಯಿ. ಹೊರಗನ್ನು ಎಷ್ಟೇ ಚೆನ್ನಾಗಿ ಮಸೆಯಿರಿ, ಒಳಗಿನ ಗುಂಡಿಯೊಂದು ಆ ಗೆರೆಗೆ ತಾಗಿದ ಕೂಡಲೇ ಅಲ್ಲಿ ಒಂದು ಕಚ್ಚು ಬೀಳುತ್ತದೆ. ಅದಕ್ಕೇ ಬಾಯಿಯ ಹತ್ತಿರದ 10 ಮಿಲಿಮೀಟರ್ ಒಳಮೈಯನ್ನು ಮರದ ಕೋಲಿಗೆ ಸುತ್ತಿದ ವಾಟರ್ ಪೇಪರಿನಿಂದ (ನೀರು ಹಾಕಿ ಉಜ್ಜುವ ಪಾಲಿಶ್ ಪೇಪರ್) ಗುಂಡಿ ಮಾಯವಾಗುವವರೆಗೆ ಉಜ್ಜಿದೆ. ಬೇಸರದ ಕೆಲಸ, ಆದರೆ ಒಮ್ಮೆ ಮಾಡಿದರೆ ಬಹುಕಾಲಕ್ಕೆ ಆಯಿತು.

12ರ ಉಳಿಯಲ್ಲಿ ಇನ್ನೊಂದು ಕಾಯಿಲೆ. ಅದರ ಒಂದು ಮೂಲೆ ನೀಲಿ ಬಣ್ಣಕ್ಕೆ ತಿರುಗಿತ್ತು. ಯಾರೋ ಹಿಂದೆ ಗ್ರೈಂಡರ್ ಚಕ್ರಕ್ಕೆ ಒತ್ತಿ ಹಿಡಿದಿದ್ದಾರೆ. ಉಳಿಯ ಉಕ್ಕನ್ನು ಕಾಯಿಸಿ ತಣಿಸಿ ಗಟ್ಟಿ ಮಾಡಿದ ಮೇಲೆ ಮತ್ತೆ ಸುಮಾರು 220–230 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಹದ ಮಾಡುತ್ತಾರೆ. ಆಗ ಮೇಲ್ಮೈಗೆ ಒಣಹುಲ್ಲಿನ ಬಣ್ಣ ಬರುತ್ತದೆ. ನೀಲಿ ಬರುವುದು 300ರ ಹತ್ತಿರ ಹೋದಾಗ. ಅಷ್ಟು ಕಾದ ಜಾಗದ ಹದ ಹೋಗಿ ಉಕ್ಕು ಮೆದುವಾಗಿರುತ್ತದೆ. ಹೊಸ ಅರ ಒಂದನ್ನು ಮೆಲ್ಲನೆ ಎಳೆದು ನೋಡಿದೆ: ಉಳಿದ ಕಡೆ ಜಾರಿತು, ನೀಲಿ ಮೂಲೆಯಲ್ಲಿ ಮಾತ್ರ ಕಚ್ಚಿತು. ಇಂಥ ಮೂಲೆಗೆ ಎಷ್ಟು ಮಸೆದರೂ ಹರಿತ ನಿಲ್ಲುವುದಿಲ್ಲ. ನೀಲಿ ದಾಟುವವರೆಗೆ, ಹತ್ತಿರ ಹತ್ತಿರ 3 ಮಿಲಿಮೀಟರ್, ಇಡೀ ಬಾಯನ್ನೇ ಹಿಂದಕ್ಕೆ ಸವೆಸಬೇಕಾಯಿತು. ಗ್ರೈಂಡರಿಗೆ ಹೋಗಲಿಲ್ಲ. ತೆಳು ಮೂಲೆ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಕಾಯುತ್ತದೆ, ಆಮೇಲೆ ಅದೇ ರಾಮಾಯಣ. ಕಾರ್ಬೊರಂಡಂ ಸಾಣೆಕಲ್ಲಿನ ಒರಟು ಮುಖದಲ್ಲಿ ನೀರು ಹಾಕಿ ಕೈಯಲ್ಲೇ ಇಳಿಸಿದೆ. ನಿಧಾನ, ಆದರೆ ಬಿಸಿಯಾಗುವ ಮಾತೇ ಇಲ್ಲ.

ಕಲ್ಲು, ಕಾಗದ, ಕೋನ

ಅದಕ್ಕೂ ಮೊದಲು ಕಲ್ಲಿನ ಡೊಂಕು ತೆಗೆಯಬೇಕಿತ್ತು. ಮನೆಯಲ್ಲಿ ಕತ್ತಿ ಮಸೆದು ಮಸೆದು ನಡು ಹೊಂಡ ಬಿದ್ದ ಕಲ್ಲು ಅದು. ಅಡುಗೆಮನೆಯಿಂದ ಉಳಿದ ಕಡಪ ಕಲ್ಲಿನ ತುಂಡಿನ ಮೇಲೆ 80ರ ವಾಟರ್ ಪೇಪರ್ ಹಾಸಿ, ಸಾಣೆಕಲ್ಲಿನ ಮುಖಕ್ಕೆ ಪೆನ್ಸಿಲಿನಲ್ಲಿ ಚೌಕುಳಿ ಗೆರೆ ಎಳೆದು, ನೀರು ಬಿಟ್ಟು ತಿಕ್ಕಿದೆ. ಗೆರೆಯೆಲ್ಲ ಅಳಿಸಿದರೆ ಕಲ್ಲು ಸಮವಾಯಿತು ಅಂತ ಅರ್ಥ. ನಡುವಿನ ಗೆರೆಗಳೇ ಕೊನೆಗೆ ಹೋಗುವುದು.

ಕಲ್ಲಿನ ನಂತರದ ಮಟ್ಟಗಳಿಗೆ ನನ್ನ ಹತ್ತಿರ ಇರುವುದು ವಾಟರ್ ಪೇಪರ್ ಮಾತ್ರ: ಕಾರಿಗೆ ಪೇಂಟ್ ಹೊಡೆಯುವವರು ಬಳಸುವ 400, 1000, 2000. ದಪ್ಪ ಗಾಜಿನ ಮೇಲೆ ನೀರು ಚಿಮುಕಿಸಿ ಹಾಸಿದರೆ ತಾನೇ ಹಿಡಿದುಕೊಳ್ಳುತ್ತದೆ. ಪೇಪರಿನ ಹಿಂದೆ ಪಿ ಅಕ್ಷರ ಇದ್ದರೆ 400ರ ಹರಳು ಸರಾಸರಿ 35 ಮೈಕ್ರಾನ್, 1000ದ್ದು 18, 2000ದ್ದು 10. ದುಬಾರಿ ಜಪಾನಿ ನೀರುಕಲ್ಲು ಇಲ್ಲದೆ ಕೆತ್ತನೆ ಉಳಿಗೆ ಬಾಯಿ ಬರುವುದಿಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಕೈಲಿ ಇದ್ದರೆ ಸಂತೋಷ. ಆದರೆ 400ರಲ್ಲಿ ಆಕಾರ ಸರಿ ಬಾರದ ಉಳಿಯನ್ನು 8000ದ ಕಲ್ಲಿಗೆ ಹಾಕಿದರೆ ತಪ್ಪು ಆಕಾರವೇ ಹೊಳೆಯುತ್ತದೆ, ಅಷ್ಟೆ. ಪೇಪರಿನ ಮೇಲೆ ಮಾತ್ರ ಒಂದು ಎಚ್ಚರ ಬೇಕು: ಉಳಿಯನ್ನು ಹಿಂದಕ್ಕೆ ಎಳೆಯಬಹುದು, ಮುಂದಕ್ಕೆ ದೂಡಿದರೆ ಕಾಗದ ಸೀಳುತ್ತದೆ.

ಕೋನ ಅಳೆಯಲು ಯಾವ ಉಪಕರಣವೂ ಬೇಡ, ಶಾಲೆಯ ಸ್ಕೇಲು ಸಾಕು. ಉಳಿಯ ದಪ್ಪ 3 ಮಿಲಿಮೀಟರ್ ಇದ್ದು ಇಳಿಜಾರು 7 ಮಿಲಿಮೀಟರ್ ಉದ್ದವಿದ್ದರೆ ಕೋನ 25 ಡಿಗ್ರಿ. ಇಳಿಜಾರು 6 ಬಂದರೆ 30, 8 ಬಂದರೆ 22. ಹಲಸಿಗೆ, ತೇಗಕ್ಕೆ ಕೊಡತಿಯಿಂದ ಹೊಡೆಯುವ ಉಳಿಗೆ 25ರಿಂದ 30 ಬೇಕು, ಇಲ್ಲದಿದ್ದರೆ ಬಾಯಿ ಚಕ್ಕೆ ಏಳುತ್ತದೆ. ಹಾಲೆಯನ್ನು ಕೈಬಲದಲ್ಲೇ ಕೆತ್ತುವುದರಿಂದ ನಾನು 22ಕ್ಕೆ ಇಳಿಸಿದೆ.

ಬಿಳಿ ಗೆರೆ

ದುಂಡು ಉಳಿ ಮಸೆಯುವಾಗ ಕೈಗಿಂತ ಕಣ್ಣಿನ ಕೆಲಸವೇ ಜಾಸ್ತಿ. ಮೊಂಡು ಬಾಯಿಗೆ ಒಂದು ಅಗಲ ಇರುತ್ತದೆ, ಆ ಅಗಲ ಬೆಳಕನ್ನು ತಿರುಗಿಸಿ ಕಳಿಸುತ್ತದೆ. ಹರಿತ ಬಾಯಿಗೆ ಅಗಲವೇ ಇಲ್ಲ, ಬೆಳಕು ತಾಗಲು ಜಾಗವಿಲ್ಲ. ಟೇಬಲ್ ಲ್ಯಾಂಪನ್ನು ಎದುರಿಗಿಟ್ಟು ಉಳಿಯ ಬಾಯನ್ನು ನೇರ ಕಣ್ಣಿಗೆ ತಿರುಗಿಸಿದರೆ ಮೊಂಡಾದ ಕಡೆಯೆಲ್ಲ ಬಿಳಿ ಹೊಳಪು ಕಾಣುತ್ತದೆ. ಜುಲೈ ತಿಂಗಳಲ್ಲಿ ಕಿಟಕಿಯ ಬೆಳಕನ್ನು ನಂಬಿ ಈ ಕೆಲಸಕ್ಕೆ ಕೂರಬೇಡಿ.

ಮೊದಲು ಆ ಬಿಳಿ ಗೆರೆಯನ್ನು ಬೇಕೆಂದೇ ಮಾಡಿಕೊಳ್ಳಬೇಕು. ಉಳಿಯನ್ನು ಕಲ್ಲಿನ ನುಣುಪು ಮುಖದ ಮೇಲೆ ಲಂಬವಾಗಿ ನಿಲ್ಲಿಸಿ, ಬಾಯಿಯನ್ನು ಹಗುರಾಗಿ ಎಳೆದುಬಿಡುವುದು. ನೋಡುವವರಿಗೆ ಇದೇನು, ಇದ್ದ ಹರಿತವನ್ನೂ ಹಾಳು ಮಾಡುತ್ತಿದ್ದಾನಲ್ಲ ಅನ್ನಿಸುತ್ತದೆ. ಆದರೆ ಇದರಿಂದ ಕಚ್ಚು, ಏರಿಳಿತ ಎಲ್ಲ ಹೋಗಿ ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ಬಾಯಿ ಒಂದೇ ಮಟ್ಟಕ್ಕೆ ಬರುತ್ತದೆ, ಸುತ್ತಲೂ ಅರ್ಧ ಮಿಲಿಮೀಟರಿನ ಬಿಳಿ ಗೆರೆ ಏಳುತ್ತದೆ. ಮುಂದಿನ ಎಲ್ಲ ಕೆಲಸಕ್ಕೂ ಈ ಗೆರೆಯೇ ನಕ್ಷೆ.

ಆಮೇಲೆ ಇಳಿಜಾರನ್ನು ಮಸೆಯುವುದು. ಉಳಿಯನ್ನು ಕಲ್ಲಿನ ಉದ್ದಕ್ಕೆ ಅಡ್ಡವಾಗಿ ಹಿಡಿಯುತ್ತೇನೆ. ಬಲಗೈ ಹಿಡಿಯನ್ನು ಉರುಳಿಸುತ್ತದೆ, ಎಡಗೈಯ ಎರಡು ಬೆರಳು ಇಳಿಜಾರಿನ ಬೆನ್ನಿಗೆ ಒತ್ತು ಕೊಡುತ್ತವೆ. ಒಂದು ಮೂಲೆ ಕಲ್ಲಿಗೆ ತಾಗಿದಲ್ಲಿಂದ ಹೊರಟು, ಉಳಿ ಕಲ್ಲಿನ ಆ ತುದಿಗೆ ತಲುಪುವಾಗ ಇನ್ನೊಂದು ಮೂಲೆ ತಾಗಿರಬೇಕು. ಅಲ್ಲಿಗೆ ನಿಲ್ಲಬೇಕು. ಮೂಲೆ ದಾಟಿ ಉರುಳಿಸಿದರೆ ಮೂಲೆ ಸವೆದು ಬಾಯಿ ಉಗುರಿನಾಕಾರಕ್ಕೆ ಹೋಗುತ್ತದೆ. ಅಷ್ಟು ದೂರ ಹೋಗದಿದ್ದರೆ ನಡು ಸವೆದು ಮೂಲೆಗಳು ಕೊಂಬಿನಂತೆ ಮುಂದೆ ನಿಲ್ಲುತ್ತವೆ. 12ರ ಉಳಿಗೆ ಉರುಳು ಸ್ವಲ್ಪವೇ. 6ರ ಯು ಉಳಿಗೆ ಹೆಚ್ಚುಕಡಿಮೆ ಅರ್ಧ ಸುತ್ತು ಬೇಕು, ಅದರ ಎರಡು ಪಕ್ಕದ ನೇರ ಗೋಡೆಗಳನ್ನು ಮಾತ್ರ ಉರುಳಿಸದೆ ಚಪ್ಪಟೆಯಾಗಿಯೇ ಎಳೆಯಬೇಕು. ಎಲ್ಲಿ ತಾಗುತ್ತಿದೆ ಎಲ್ಲಿ ಇಲ್ಲ ಅಂತ ತಿಳಿಯಲು ಇಳಿಜಾರಿಗೆ ಮಾರ್ಕರ್ ಪೆನ್ನಿನ ಶಾಯಿ ಬಳಿದುಕೊಂಡರೆ ಸಾಕು.

ಎರಡು ಮೂರು ಎಳೆತಕ್ಕೊಮ್ಮೆ ದೀಪದ ಎದುರು ನೋಡಬೇಕು. ಗೆರೆ ಎಲ್ಲಿ ದಪ್ಪ ಉಂಟೋ ಅಲ್ಲಿಗೆ ಹೆಚ್ಚು ಒತ್ತು, ಎಲ್ಲಿ ತೆಳುವಾಗಿದೆಯೋ ಆ ಜಾಗವನ್ನು ಬಿಡುವುದು. 12ರ ಉಳಿಯಲ್ಲಿ ಎಡ ಮೂಲೆಯ ಹತ್ತಿರ ಗೆರೆ ದಪ್ಪವಾಗಿಯೇ ನಿಂತಿತ್ತು, ನೀಲಿ ಮೂಲೆ ಇದ್ದದ್ದೂ ಆ ಕಡೆಯೇ. ಉಳಿದ ಭಾಗವನ್ನು ಮುಟ್ಟದೆ ಅದೊಂದನ್ನೇ ಇಳಿಸಿದೆ. ಗೆರೆ ಕೂದಲೆಳೆಯಷ್ಟಾದಾಗ ಕಲ್ಲು ಬಿಟ್ಟು 400ಕ್ಕೆ, ಅದೂ ಸಣ್ಣದಾದಾಗ 1000ಕ್ಕೆ ಬಂದೆ. ಗೆರೆ ಪೂರ್ತಿ ಮಾಯವಾಗುವುದು 1000ದ ಮೇಲೆ ಆಗಬೇಕು. ಒರಟು ಕಲ್ಲಿನ ಮೇಲೆಯೇ ಮಾಯ ಮಾಡಲು ಹೋದರೆ ಅದರ ಆಳ ಗೀರುಗಳು ಬಾಯಿಯವರೆಗೂ ಬಂದು ಗರಗಸದ ಹಲ್ಲು ಮೂಡಿಸುತ್ತವೆ.

ಗೆರೆ ಹೋದ ಗಳಿಗೆಯಲ್ಲೇ ಬಾಯಿಯ ಆಚೆ ಬದಿಗೆ ಉಕ್ಕಿನ ಒಂದು ಎಳೆ ಮಗುಚಿಕೊಳ್ಳುತ್ತದೆ. ವರ್ಕ್‌ಶಾಪಿನವರು ಬರ್ ಅನ್ನುವುದು ಇದಕ್ಕೇ. ಕಾವಲಿಯ ಅಂಚಿನಲ್ಲಿ ದೋಸೆಯ ಗರಿ ಎದ್ದ ಹಾಗೆ. ಕಣ್ಣಿಗೆ ಕಾಣುವುದು ಕಷ್ಟ, ಒಳಮೈಯಿಂದ ಬಾಯಿಯ ಕಡೆಗೆ ಉಗುರು ಜಾರಿಸಿದರೆ ತಡೆಯುತ್ತದೆ. ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ಬರ್ ಸಿಕ್ಕಿದರೆ ಮಸೆಯುವ ಕೆಲಸ ಮುಗಿಯಿತು. ಅದಕ್ಕಿಂತ ಹೆಚ್ಚು ಮಸೆದರೆ ಉಕ್ಕು ದಂಡ. 2000ದ ಪೇಪರಿನಲ್ಲಿ ಎಳೆಯುವುದು ಬರೇ ಗೀರು ಸಣ್ಣ ಮಾಡಲು.

12ರ ಉಳಿಗೆ ಒಳಗಿನಿಂದಲೂ ಒಂದು ಚಿಕ್ಕ ಇಳಿಜಾರು ಕೊಟ್ಟೆ, ಹೊರಗಿನದರ ಕಾಲು ಭಾಗದಷ್ಟು. ಉಬ್ಬು ಹೂವಿನ ಎಸಳು ಕೆತ್ತುವಾಗ ಉಳಿಯನ್ನು ಮಗುಚಿ ಹಿಡಿಯಬೇಕಾಗುತ್ತದೆ. ಒಳ ಇಳಿಜಾರು ಇಲ್ಲದಿದ್ದರೆ ಆಗ ಬಾಯಿ ಮರದೊಳಕ್ಕೇ ಹೂತುಕೊಂಡು ಹೋಗುತ್ತದೆ.

ಚೂರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೆನ್ನಿನ ದಪ್ಪ 2 ಮಿಲಿಮೀಟರ್, ಎರಡೂ ಕಡೆ ಇಳಿಜಾರಿನ ಅಗಲ 5 ಮಿಲಿಮೀಟರ್ ಬರುವಂತೆ ಮಸೆದರೆ ಒಟ್ಟು ಕೋನ 23ರ ಹತ್ತಿರ. ಇಳಿಜಾರನ್ನು ಚಪ್ಪಟೆಯಾಗಿ ಮಲಗಿಸಿ ಎಳೆಯುವುದು, ಅಷ್ಟೇ. ಕಮಾನು ಪಟ್ಟಿಯ ಉಕ್ಕಿನಲ್ಲಿ ಇಂಗಾಲ ಸಾಮಾನ್ಯವಾಗಿ ಶೇ. 0.5ರಿಂದ 0.6. ಒಳ್ಳೆ ಉಳಿಯ ಉಕ್ಕಿನಷ್ಟು ಗಟ್ಟಿ ಆಗುವುದಿಲ್ಲ, ಆದರೆ ಚಕ್ಕೆ ಏಳುವುದೂ ಇಲ್ಲ. ಬಾಯಿ ಬೇಗ ಬಾಗುತ್ತದೆ, ಬೇಗ ಸರಿಯೂ ಹೋಗುತ್ತದೆ.

ವಿ ಉಳಿಯೇ ತಲೆನೋವು. ಅದನ್ನು ಎರಡು ಚಪ್ಪಟೆ ಉಳಿ, ಅವೆರಡರ ನಡುವೆ ಒಂದು ತೀರಾ ಸಣ್ಣ ದುಂಡು ಉಳಿ ಅಂತ ತಿಳಿದುಕೊಂಡರೆ ಅರ್ಧ ಗೆದ್ದಂತೆ. ರೆಕ್ಕೆಗಳನ್ನು ಒಂದೊಂದಾಗಿ ಸಮನಾಗಿ ಮಸೆದಾಗ ಕೆಳಗೆ ಅವು ಕೂಡುವ ಜಾಗದಲ್ಲಿ ಒಂದು ಕೊಕ್ಕು ಉಳಿದುಕೊಳ್ಳುತ್ತದೆ. ಒಳಗಿನ ಸಂದಿ ಎಂದೂ ಪೂರ್ತಿ ಚೂಪಾಗಿರುವುದಿಲ್ಲ, ಆದ್ದರಿಂದ ಅಲ್ಲಿ ಉಕ್ಕು ದಪ್ಪ. ದಪ್ಪ ಇದ್ದಲ್ಲಿ ಬಾಯಿ ಮುಂದೆ ನಿಲ್ಲುತ್ತದೆ. ಹಾಗೆಂದು ಕೊಕ್ಕನ್ನು ಮುಂದಿನಿಂದ ಅರದಲ್ಲಿ ತಿಕ್ಕಿ ತೆಗೆಯಲು ಹೋಗಬಾರದು. ಕೆಳಗಿನ ಏಣನ್ನು ದುಂಡು ಉಳಿಯ ಹಾಗೆ ಸ್ವಲ್ಪ ಉರುಳಿಸುತ್ತ ಮಸೆದರೆ ಕೊಕ್ಕು ತಾನಾಗಿಯೇ ಹಿಂದೆ ಸರಿಯುತ್ತದೆ. ಒಂದೊಂದು ಎಳೆತಕ್ಕೂ ದೀಪಕ್ಕೆ ಹಿಡಿದು ನೋಡಬೇಕು. ಇಲ್ಲಿ ಅವಸರ ಮಾಡಿದರೆ ಕೊಕ್ಕಿನ ಬದಲು ಹೊಂಡ ಬೀಳುತ್ತದೆ, ಆಗ ಮತ್ತೆ ಮೊದಲಿಂದ.

ಸೋಪಿನ ಹಲಗೆ

ಮಸೆದ ಉಳಿ ಹರಿತವಲ್ಲ, ಅದರ ತುದಿಯಲ್ಲಿ ಬರ್ ನೇತಾಡುತ್ತಿರುತ್ತದೆ. ಕಾಗದ ಕತ್ತರಿಸಿ ತೋರಿಸಿದರೆ ಚೆನ್ನಾಗಿಯೇ ಕತ್ತರಿಸುತ್ತದೆ. ಹಾಲೆಗೆ ಇಟ್ಟ ಕೂಡಲೇ ಬರ್ ಮಡಚಿಕೊಂಡು ಜುಂಗು ಎಬ್ಬಿಸುತ್ತದೆ. ಅದನ್ನು ತೆಗೆಯುವುದೇ ಚರ್ಮದ ಪಟ್ಟಿಯ ಕೆಲಸ. ಕ್ಷೌರದಂಗಡಿಗಳಲ್ಲಿ ಹಿಂದೆ ಕುರ್ಚಿಯ ಪಕ್ಕ ತೂಗುತ್ತಿದ್ದ ಪಟ್ಟಿಯೂ ಇದೇ ಜಾತಿಯದ್ದು.

"ಆಚಾರ್ರೆ, ನೀವು ಚರ್ಮಕ್ಕೆ ತಿಕ್ಕುದಿಲ್ವಾ?" ಅಂತ ಕೇಳಿದರೆ, "ಎಂತ ಚರ್ಮ? ಅಂಗೈ ಉಂಟಲ್ಲ" ಅಂದರು. ಅಂದವರೇ ಉಳಿಯನ್ನು ಅಂಗೈಯ ಬುಡಕ್ಕೆ ಎರಡು ಸಲ ಆಚೀಚೆ ಎಳೆದೂ ತೋರಿಸಿದರು. ಅವರ ಅಂಗೈ ಬೇರೆ, ನಮ್ಮದು ಬೇರೆ. ಅನುಕರಿಸಲು ಹೋಗಬೇಡಿ.

ಚೂರಿಗೆ ನಾನು ಚರ್ಮವನ್ನೇ ಬಳಸುತ್ತೇನೆ. ಚಪ್ಪಲಿ ಹೊಲಿಯುವವರ ಹತ್ತಿರ ಸಿಕ್ಕಿದ ಗಟ್ಟಿ ತೊಗಲಿನ ಪಟ್ಟಿ, ಮರಕ್ಕೆ ಫೆವಿಕಾಲಿನಲ್ಲಿ ಅಂಟಿಸಿದ್ದು. ಆದರೆ ದುಂಡು ಉಳಿಗೆ, ಅದೂ ನಮ್ಮ ಮಳೆಗಾಲದಲ್ಲಿ, ಚರ್ಮ ನನಗೆ ಹಿಡಿಸುವುದಿಲ್ಲ. ಒಂದು, ನಾಲ್ಕು ದಿನ ಬಿಟ್ಟರೆ ಬೂಷ್ಟು ಬರುತ್ತದೆ. ಎರಡು, ತೇವ ಕುಡಿದ ಚರ್ಮ ಮೆತ್ತಗಾಗಿ, ಬಾಯಿ ದಾಟಿಹೋದ ಕೂಡಲೇ ಹಿಂದಿನಿಂದ ಪುಟಿದು ಬಾಯಿಯ ತುದಿಯನ್ನೇ ಸವರಿ ದುಂಡಗೆ ಮಾಡುತ್ತದೆ. ಬಾಯಿ ನೋಡಲು ಕನ್ನಡಿ, ಕೊರೆಯಲು ಮೊಂಡು.

ಇದಕ್ಕೆ ಪರಿಹಾರ ಕೆತ್ತಬೇಕಾದ ಮರದಲ್ಲೇ ಇತ್ತು. ಹಾಲೆಯ ಹಲಗೆಯಿಂದ 30 ಸೆಂಟಿಮೀಟರ್ ಉದ್ದದ ತುಂಡೊಂದನ್ನು ತೆಗೆದು, 2000ದಿಂದ ಇಳಿದ ಉಳಿಗಳಲ್ಲೇ ನಾರಿನ ಉದ್ದಕ್ಕೆ ಒಂದೊಂದು ತೋಡು ಕೊರೆದೆ. 12ರ ಉಳಿ ಕೊರೆದ ತೋಡು 12ರ ಉಳಿಯ ಹೊರಮೈಗೆ ತಾನಾಗಿಯೇ ಸರಿಹೊಂದುತ್ತದೆ, ವಿ ಉಳಿಯದ್ದು ವಿ ಉಳಿಗೆ. ಅಳತೆ ತೆಗೆಯುವ ಗೋಜೇ ಇಲ್ಲ. ಒಳಮೈಗೆ ಬೇಕಾದ ಉಬ್ಬನ್ನು ಹಲಗೆಯ ಅಂಚುಗಳಲ್ಲಿ ಮಾಡಿದೆ: ಒಂದು ಅಂಚನ್ನು ಚೂರಿಯಿಂದ ಕೆರೆದು 12ರ ಒಳಬಾಗಿಗೆ ಸರಿಯಾಗಿ ದುಂಡಗೆ ಮಾಡಿದ್ದು, ಇನ್ನೊಂದನ್ನು ವಿ ಸಂದಿಗೆ ಕೂರುವಂತೆ ಚೂಪು ಮಾಡಿದ್ದು. 6ರ ಯು ಉಳಿಯ ಒಳಗೆ ಬಿದಿರಿನ ಕಡ್ಡಿ. ವಿ ಸಂದಿಯ ತೀರಾ ತಳಕ್ಕೆ ಹಿಡಿಸೂಡಿಯ (ಪೊರಕೆಯ) ಒಂದು ಕಡ್ಡಿ ಬೇಕಾಯಿತು, ಅದರಷ್ಟು ಸಣ್ಣಗೆ ಇನ್ನೇನೂ ಇಳಿಯುವುದಿಲ್ಲ.

ಹಾಲೆ ಈ ಕೆಲಸಕ್ಕೆ ಹೇಳಿ ಮಾಡಿಸಿದ ಮರ. ನಾರು ಸಮ, ಗಂಟು ಕಡಿಮೆ. ಹಿಂದೆ ಶಾಲೆಯ ಹಲಗೆಗಳಿಗೆ ಇದನ್ನು ಬಳಸುತ್ತಿದ್ದರು, ಸಸ್ಯಶಾಸ್ತ್ರದ ಹೆಸರಿನಲ್ಲಿರುವ ಸ್ಕೊಲಾರಿಸ್ ಬಂದದ್ದು ಅಲ್ಲಿಂದಲೇ. ಆಟಿ (ಆಷಾಢ) ಅಮಾವಾಸ್ಯೆಗೆ ಕಷಾಯ ಕುಡಿಯುವುದೂ ಇದೇ ಮರದ ತೊಗಟೆಯದ್ದು. ಅವತ್ತು ತೊಗಟೆಗೆ ಕಬ್ಬಿಣ ತಾಗಿಸಬಾರದು, ಕಲ್ಲಿನಿಂದ ಜಜ್ಜಿಯೇ ತೆಗೆಯಬೇಕು ಅನ್ನುವುದು ನಮ್ಮ ಕಡೆಯ ಕಟ್ಟಳೆ. ಹಲಗೆಗೆ ಆ ಕಟ್ಟಳೆ ಇಲ್ಲ ಅಂತ ಅಮ್ಮನ ಹತ್ತಿರ ಖಚಿತ ಮಾಡಿಕೊಂಡ ಮೇಲೆಯೇ ಉಳಿ ಹಾಕಿದ್ದು.

ತೋಡುಗಳಿಗೆ ಸ್ಟೀಲ್ ಪಾಲಿಶ್ ಮಾಡುವವರ ಹಸಿರು ಸೋಪನ್ನು ತಿಕ್ಕಿದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಇಟ್ಟಿಗೆಯ ಆಕಾರದಲ್ಲಿ ಸಿಗುತ್ತದೆ. ಹಸಿರು ಬಣ್ಣ ಕ್ರೋಮಿಯಂ ಆಕ್ಸೈಡಿನದ್ದು, ಅದರ ಹರಳು ಅರ್ಧ ಮೈಕ್ರಾನಿನ ಆಸುಪಾಸು. ಹಲವು ಸೋಪುಗಳಲ್ಲಿ ಅಲ್ಯುಮಿನಿಯಂ ಆಕ್ಸೈಡನ್ನೂ ಬೆರೆಸಿರುತ್ತಾರೆ. ಒಂದು ತೊಟ್ಟು ಹೊಲಿಗೆ ಮೆಷಿನ್ ಎಣ್ಣೆ ಬಿಟ್ಟರೆ ಸೋಪು ಮರಕ್ಕೆ ಚೆನ್ನಾಗಿ ಹಿಡಿಯುತ್ತದೆ. ದಪ್ಪ ಬಳಿಯಬೇಕಾಗಿಲ್ಲ. ಮರದ ಬಣ್ಣ ಹಸಿರಾಗಿ ಕಂಡರೆ ಸಾಕು.

ಇಲ್ಲಿ ಎಳೆಯುವುದು ಮಾತ್ರ, ದೂಡುವುದಿಲ್ಲ. ಇಳಿಜಾರನ್ನು ತೋಡಿನಲ್ಲಿ ಕೂರಿಸಿ, ಅದು ಪೂರ್ತಿ ತಾಗುವಷ್ಟೇ ಹಿಡಿಯನ್ನು ಎತ್ತಿ, ತನ್ನ ಕಡೆಗೆ ಎಳೆಯಬೇಕು. ಬಹಳ ಮಂದಿ ಕೆಡಿಸುವುದು ಎಳೆತದ ಕೊನೆಯಲ್ಲಿ. ಕೈ ಹಗುರಾದ ಖುಷಿಯಲ್ಲಿ ಹಿಡಿಯನ್ನು ಮೇಲಕ್ಕೆ ಚಿಮ್ಮಿಸುತ್ತಾರೆ, ಆ ಒಂದು ಚಿಮ್ಮುವಿಕೆಗೆ ಬಾಯಿಯ ತುದಿ ದುಂಡಗಾಗುತ್ತದೆ. ತೋಡಿನ ಕೊನೆಯಲ್ಲಿ ನಿಂತು, ಉಳಿಯನ್ನು ಇದ್ದ ಕೋನದಲ್ಲೇ ನೇರ ಎತ್ತಿಬಿಡಿ. ಹೊರಗೆ 10–15 ಎಳೆತ, ಒಳಗೆ ನಾಲ್ಕೈದು, ಮತ್ತೆ ಹೊರಗೆ. ಹಸಿರಿನ ಮೇಲೆ ಕಪ್ಪು ಗೆರೆ ಮೂಡುತ್ತ ಹೋಗುತ್ತದೆ, ಅದೆಲ್ಲ ಉಕ್ಕು. 12ರ ಉಳಿಯ ಬರ್ ಹೀಗೆ ಆಚೀಚೆ ಮಡಚಿ ಮಡಚಿ ಕೊನೆಗೆ ಕಳಚಿ ಬಿತ್ತು. ಸೋಪಿನ ಕಪ್ಪಿನ ಮೇಲೆ ಬೆಳ್ಳಿಯ ಸಣ್ಣ ಎಳೆ, ದೀಪವನ್ನು ಓರೆ ಮಾಡಿದಾಗ ಮಾತ್ರ ಕಾಣುವಷ್ಟು. ಅದನ್ನು ಒರೆಸಿ ತೆಗೆಯಬೇಕು, ಹಾಗೆಯೇ ಬಿಟ್ಟರೆ ಮುಂದಿನ ಎಳೆತದಲ್ಲಿ ಬಾಯಿಗೇ ಗೀರು ಹಾಕುತ್ತದೆ.

ಹಾಲೆಯಲ್ಲಿ ಪರೀಕ್ಷೆ

ಕೈಯ ರೋಮ ಬೋಳಿಸಿ ನೋಡುವ ಚಟ ಕೆಲವರಿಗಿದೆ. ಅದರಿಂದ ಚೂರಿಯ ಬಗ್ಗೆ ಏನಾದರೂ ತಿಳಿದೀತು, ದುಂಡು ಉಳಿಯ ಬಗ್ಗೆ ಏನೂ ತಿಳಿಯುವುದಿಲ್ಲ. ಆಚಾರ್ರು ಹೇಳಿದ ಹಾಗೆ ನಾರಿಗೆ ಅಡ್ಡವಾಗಿ ಒಂದು ತೋಡು ಕೊರೆದೆ. ತೋಡಿನ ಎರಡೂ ದಡ ಚೂಪಾಗಿ ನಿಲ್ಲಬೇಕು, ತಳ ಒದ್ದೆ ಇಲ್ಲದಿದ್ದರೂ ಒದ್ದೆಯಾದಂತೆ ಮಿನುಗಬೇಕು. 6ರದ್ದು ಮೊದಲ ಸಲಕ್ಕೇ ಮಿನುಗಿತು. 12ರ ತೋಡಿನ ತಳದಲ್ಲಿ ಎಡಕ್ಕೆ ಒಂದು ಸಣ್ಣ ಬಿಳಿ ಗೀರು ಉದ್ದಕ್ಕೆ ಓಡಿತ್ತು. ಬಾಯಿಯಲ್ಲಿ ಕಚ್ಚು ಇದ್ದಲ್ಲಿ ಮರ ಕತ್ತರಿಸದೆ ಹರಿಯುತ್ತದೆ, ಆ ಹರಿದ ನಾರೇ ಬಿಳಿ ಗೀರಾಗಿ ಕಾಣುವುದು. ಗೀರು ಇರುವ ಜಾಗವನ್ನು ಬಾಯಿಗೆ ಹೊಂದಿಸಿ ನೋಡಿದರೆ ಕಚ್ಚು ಎಲ್ಲಿದೆ ಅಂತ ಸರಿಯಾಗಿ ಗೊತ್ತಾಗುತ್ತದೆ. ಆ ಜಾಗಕ್ಕೆ 1000ದಲ್ಲಿ ಇನ್ನೊಮ್ಮೆ, 2000ದಲ್ಲಿ ಒಮ್ಮೆ, ಮತ್ತೆ ಸೋಪು. ಗೀರು ಹೋಯಿತು.

ಭುಜಕೀರ್ತಿಯ ತುದಿ ಕೆತ್ತುವಾಗ ಇಪ್ಪತ್ತು ನಿಮಿಷಕ್ಕೊಮ್ಮೆ ಉಳಿಯನ್ನು ಹಲಗೆಗೆ ಎಳೆಯುತ್ತಿದ್ದೆ, ಮೊಂಡಾಯಿತು ಅನ್ನಿಸುವವರೆಗೆ ಕಾಯಲಿಲ್ಲ. ಅನ್ನಿಸಿದ ಹೊತ್ತಿಗೆ ಒಂದೆರಡು ಎಸಳು ಜುಂಗಾಗಿ ಹೋಗಿರುತ್ತವೆ. ತೇಗದಲ್ಲಿ ಕೆಲಸ ಮಾಡುವವರು ಇನ್ನೂ ಬೇಗ ಬೇಗ ಎಳೆಯಬೇಕಾಗುತ್ತದೆ, ಆ ಮರದಲ್ಲಿರುವ ಸಿಲಿಕಾ ಕಣಗಳು ಬಾಯಿಯನ್ನು ತಿನ್ನುತ್ತವೆ. ಹೀಗೆ ನೋಡಿಕೊಂಡರೆ ಉಳಿ ಕಲ್ಲಿನ ಮುಖ ನೋಡುವುದೇ ಅಪರೂಪ. ಸೋಪಿಗೆ ಎಳೆದ ಮೇಲೂ ದೀಪಕ್ಕೆ ಹಿಡಿದಾಗ ಬಿಳಿ ಹೊಳಪು ಉಳಿದಿದ್ದರೆ, ಅಥವಾ ಕೊರೆಯಲು ಹಿಡಿಯನ್ನು ಮೊದಲಿಗಿಂತ ಮೇಲೆತ್ತಬೇಕಾಗಿ ಬಂದರೆ, ಆಗ 1000ದ ಪೇಪರಿಗೆ ಮರಳಬೇಕು. ಹಿಡಿ ಮೇಲೇರುವುದು ಅಂದರೆ ಎಳೆದು ಎಳೆದು ಇಳಿಜಾರಿಗೆ ಹೊಟ್ಟೆ ಬಂದಿದೆ ಅಂತ.

ಇಡುವ ವಿಚಾರ. ಸಮುದ್ರದ ಗಾಳಿ, ಮೇಲಿಂದ ಮಳೆ. ರಾತ್ರಿ ಬರೇ ಮೈಯಲ್ಲಿ ಬಿಟ್ಟ ಉಳಿಗೆ ಬೆಳಿಗ್ಗೆ ಕೆಂಪು ಬಂದಿರುತ್ತದೆ. ಬಟ್ಟೆಯ ಸುರುಳಿಯಲ್ಲಿ ಸುತ್ತಿಡುವುದು ನೋಡಲು ಚೆಂದ, ಆದರೆ ಬಟ್ಟೆ ತೇವ ಹೀರಿ ಉಳಿಗೇ ಕೊಡುತ್ತದೆ. ತೆಂಗಿನೆಣ್ಣೆ ಕೆಲವು ವಾರ ಬಿಟ್ಟರೆ ಅಂಟಂಟಾಗುತ್ತದೆ, ನಾನು ಮೆಷಿನ್ ಎಣ್ಣೆಯನ್ನೇ ಒರೆಸಿ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡುತ್ತೇನೆ. ಬಾಯಿಗಳು ಒಂದಕ್ಕೊಂದು ತಾಗದ ಹಾಗೆ ತುದಿಗೆ ಸೈಕಲ್ ಟ್ಯೂಬಿನ ತುಂಡು.

ಇಷ್ಟೆಲ್ಲ ನೋಡಿದ ಮೇಲೆ ಅಮ್ಮ ಮೆಟ್ಟುಕತ್ತಿಯನ್ನು (ಈಳಿಗೆಮಣೆಯನ್ನು) ತಂದಿಟ್ಟು, "ಇದನ್ನೂ ಹಾಗೇ ಕನ್ನಡಿ ಮಾಡಿ ಕೊಡು" ಅಂದರು. ಮೆಟ್ಟುಕತ್ತಿಗೆ ಸೋಪಿನ ಹಲಗೆ ಬೇಡ. ಟೊಮೆಟೊ ಸಿಪ್ಪೆ, ಮೀನಿನ ಚರ್ಮ ಕಚ್ಚಿ ಹಿಡಿಯಲು ಬಾಯಿಯಲ್ಲಿ ಕಣ್ಣಿಗೆ ಕಾಣದ ಸಣ್ಣ ಹಲ್ಲು ಇರಬೇಕು, ತೀರಾ ನುಣುಪಾದರೆ ಸಿಪ್ಪೆಯ ಮೇಲೆ ಜಾರುತ್ತದೆ. 400ರ ಪೇಪರಿನಲ್ಲಿ ನಿಲ್ಲಿಸಿ, ಬರ್ ಹೋಗಲು ಮರದ ಅಂಚಿಗೆ ಎರಡು ಸಲ ಎಳೆದು ಕೊಟ್ಟೆ.